ಅಶುವಿನ ಗಂಡ, ಬಗ್ದಾದಿನ ಆಂಟಿ

ಕಳಂಬೋಲಿಯಲ್ಲಿ ನನ್ನ ಮನೆ ಎಂದರೆ ಊರಿನವರಿಗೆ ಅರ್ಥವಾಗುವುದಿಲ್ಲ. "ಮುಂಬಯಿಯಲ್ಲಿ ಅದು ಎಲ್ಲಿ?" ಎಂದು ಕೇಳುತ್ತಾರೆ. "ಪನ್ವೇಲ್ ಹತ್ತಿರ" ಅಂದರೆ ಮುಖ ಅರಳುತ್ತದೆ. "ಓ, ನಮ್ಮ ಮತ್ಸ್ಯಗಂಧ ನಿಲ್ಲುತ್ತದಲ್ಲ, ಅಲ್ಲಿಯಾ?" ಹೌದು, ಅಲ್ಲಿಯೇ. ಸಿಡ್ಕೋದವರು ಕಟ್ಟಿದ ಬಡಾವಣೆ. ಒಂದು ಕಡೆ ಪುಣೆಯ ಎಕ್ಸ್‌ಪ್ರೆಸ್ ಹೈವೇ ಶುರುವಾಗುವ ಜಾಗ, ಇನ್ನೊಂದು ಕಡೆ ಸ್ಟೀಲ್ ಮಾರ್ಕೆಟ್. ರಾತ್ರಿಯಿಡೀ ಕಬ್ಬಿಣದ ಸರಳು ಇಳಿಸುವ ಸದ್ದು. ಮೊದಲ ಒಂದು ವರ್ಷ ನಿದ್ದೆ ಬರಲಿಲ್ಲ. ಈಗ ಊರಿಗೆ ಹೋದಾಗ ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ!

ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಸಾಲಾಗಿ ನಿಂತ ಲಾರಿಗಳ ನಂಬರ್ ಪ್ಲೇಟು ನೋಡುವುದು. ಕೆಎ 19 ಕಂಡರೆ ಮಂಗಳೂರಿನದು, ಕೆಎ 20 ಕಂಡರೆ ಉಡುಪಿಯದು. ಡ್ರೈವರ್ ಎಚ್ಚರವಿದ್ದರೆ ಎರಡು ಮಾತು ತುಳು ಆಡಿ ಬರುತ್ತೇನೆ. ಮನೆಯವಳು ನಗುತ್ತಾಳೆ. "ನಲವತ್ತು ವರ್ಷ ಆಯ್ತು ಬಂದು, ಇನ್ನೂ ಲಾರಿ ಹುಡುಕುವುದು ಬಿಟ್ಟಿಲ್ಲ ನೀವು" ಎನ್ನುತ್ತಾಳೆ. 1984ರಲ್ಲಿ ಎಂ.ಕಾಂ. ಮುಗಿಸಿ, ಮಂಗಳೂರು ಕಡೆಯ ಒಂದು ಬ್ಯಾಂಕಿನ ಗುಮಾಸ್ತನಾಗಿ ಫೋರ್ಟ್ ಶಾಖೆಗೆ ಬಂದವನು ನಾನು. ಐದು ವರ್ಷ ದುಡಿದು ವಾಪಸು ಹೋಗುವುದೆಂದು ತಂದೆಯವರಿಗೆ ಮಾತು ಕೊಟ್ಟಿದ್ದೆ. ಆ ಐದು ವರ್ಷ ಇನ್ನೂ ಮುಗಿದಿಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಅಣ್ಣನ ಫೋನು. ಬಂಟ್ವಾಳದ ಹತ್ತಿರ, ನೇತ್ರಾವತಿಯ ದಡದಲ್ಲಿ ನಮ್ಮ ಹಳೆಯ ಮನೆ. ಸ್ವಲ್ಪ ಅಡಿಕೆ ತೋಟ. ತಂದೆ ತಾಯಿ ಇಬ್ಬರೂ ಹೋದ ಮೇಲೆ ನೋಡಿಕೊಂಡದ್ದೆಲ್ಲ ಅಣ್ಣನೇ. ಮನೆ ಕೆಡವಿ ಮಗನಿಗೆ ಹೊಸದು ಕಟ್ಟಿಸಬೇಕು, ಅದಕ್ಕೆ ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ನನ್ನ ಹಕ್ಕು ಬಿಡುಗಡೆ ಪತ್ರ ಬೇಕು. "ಪೇಪರ್ ರೆಡಿ ಉಂಟು. ನಿನ್ನ ಪಾಲಿನದ್ದು ಏನುಂಟೋ ಲೆಕ್ಕ ಮಾಡಿ ಕೊಡ್ತೇನೆ. ಒಮ್ಮೆ ಬಂದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಸಹಿ ಹಾಕಿ ಹೋಗು ಮಾರಾಯ" ಎಂದ. ನ್ಯಾಯವಾದ ಮಾತು. ನಾನೇ ಸಾವಿರಾರು ಜನರಿಂದ ಇಂಥ ಕಾಗದಕ್ಕೆ ಸಹಿ ಹಾಕಿಸಿದವನು. ಆದರೂ ಎರಡು ವರ್ಷ ಮುಂದೆ ಹಾಕಿದೆ. ಮಳೆಗಾಲ ಎಂದೆ, ಮಂಡಿನೋವು ಎಂದೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಪನ್ವೇಲ್ ಪೇಟೆಗೆ ತರಕಾರಿಗೆಂದು ಶೇರ್ ರಿಕ್ಷಾದಲ್ಲಿ ಹೋಗಿದ್ದೆ. ಅಲ್ಲಿ ಒಂದು ಯಹೂದಿ ಪ್ರಾರ್ಥನಾ ಮಂದಿರವಿದೆ, ಬೆತ್ ಎಲ್ ಎಂದು ಹೆಸರು. 1849ರದ್ದು. ಎಷ್ಟೋ ಸಲ ಅದರ ಮುಂದೆಯೇ ಓಡಾಡಿದ್ದೆ. ಅಂದು ಯಾಕೋ ನಿಂತು ನೋಡಿದೆ. ನೋಡುತ್ತಿದ್ದಂತೆ ಮೂವತ್ತು ವರ್ಷದ ಹಿಂದಿನ ಒಂದು ಪಾಸ್‌ಬುಕ್ ನೆನಪಾಯಿತು.

ಅದನ್ನು ಹೇಳುವ ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಪನ್ವೇಲ್, ಅಲಿಬಾಗ್, ಠಾಣೆಯ ಯಹೂದಿಗಳು ಬೇರೆ. ನಾನು ಹೇಳಹೊರಟ ಅರಬ್ಬಿ ನಾಡಿನ ಯಹೂದಿಗಳು ಬೇರೆ. ಇಲ್ಲಿಯವರು ಬೆನೆ ಇಸ್ರಾಯೇಲರು. ಬಹಳ ಹಿಂದೆ ಅಲಿಬಾಗ್ ಹತ್ತಿರದ ನವಗಾಂವ್ ಕಡಲಿನಲ್ಲಿ ಹಡಗು ಒಡೆದು ದಡ ಸೇರಿದವರ ಸಂತತಿ ತಾವು ಎಂಬುದು ಅವರ ನಂಬಿಕೆ. ಊರೂರಿನಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಜನ ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಮನೆಮಾತು ಮರಾಠಿ, ಅಡ್ಡಹೆಸರು ದಿವೇಕರ, ಕೆಹಿಮ್‌ಕರ ಎಂದು ಊರಿನ ಹೆಸರಿನ ಮೇಲೆ. ಇಂಗ್ಲಿಷ್ ಕವಿ ನಿಸ್ಸಿಂ ಎಝೆಕಿಯೆಲ್ (1924–2004) ಇವರವರೇ.

ಇವರಿಗೂ ನಮ್ಮ ಕನ್ನಡ ನಾಡಿಗೂ ಒಂದು ಸಂಬಂಧವಿದೆ. ಸ್ಯಾಮ್ಯುಯೆಲ್ ದಿವೇಕರ ಎಂಬ ಬೆನೆ ಇಸ್ರಾಯೇಲಿ, ಕಂಪೆನಿ ಸೈನ್ಯದ ಅಧಿಕಾರಿ, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದನಂತೆ. 'ನಾವು ಬನಿ ಇಸ್ರಾಯೇಲ್' ಎಂದದ್ದನ್ನು ಕೇಳಿ, ಕುರಾನಿನಲ್ಲಿ ಬರುವ ಆ ಜನರನ್ನು ಮೊದಲ ಸಲ ಕಂಡ ಟಿಪ್ಪುವಿನ ತಾಯಿ ಜೀವದಾನ ಕೊಡಿಸಿದಳು ಎಂದು ಅವರಲ್ಲಿ ಕಥೆಯಿದೆ. ಬಿಡುಗಡೆಯಾಗಿ ಬಂದ ದಿವೇಕರ 1796ರಲ್ಲಿ ಮುಂಬಯಿಯಲ್ಲಿ ಮೊತ್ತಮೊದಲ ಯಹೂದಿ ಮಂದಿರ ಕಟ್ಟಿಸಿದ. ಅದನ್ನು ಜನ 'ಜುನಿ ಮಸ್ಜಿದ್' ಎನ್ನುತ್ತಿದ್ದರು; ನಾವೆಲ್ಲ ಲೋಕಲ್ ಟ್ರೇನಿನಲ್ಲಿ ದಾಟುವ ಮಸ್ಜಿದ್ ಸ್ಟೇಷನ್ನಿಗೆ ಅದರಿಂದಲೇ ಹೆಸರು ಬಂತೆಂದು ಹೇಳುತ್ತಾರೆ. ಶ್ರೀರಂಗಪಟ್ಟಣದ ಒಬ್ಬ ತಾಯಿಯ ದಯೆ ಮುಂಬಯಿಯ ಒಂದು ರೈಲು ನಿಲ್ದಾಣದ ಹೆಸರಾಗಿ ಉಳಿಯಿತು ಎಂದರೆ ಸೋಜಿಗವಲ್ಲವೆ?

ಇನ್ನು ಬಗ್ದಾದಿಗಳು. ಮುಂಬಯಿಯಲ್ಲಿದ್ದ ಕನ್ನಡಿಗ ಅವರ ಹೆಸರು ಹೇಳದೆ ಒಂದು ದಿನ ಕಳೆಯುವುದು ಕಷ್ಟ. ನಮ್ಮ ಕರಾವಳಿಯವರು ಮೀನು ಇಳಿಸುವುದು ಕೊಲಾಬಾದ ಸಸೂನ್ ಡಾಕಿನಲ್ಲಿ (1875). ಪುಣೆಯಲ್ಲಿ ಕಾಯಿಲೆ ಬಿದ್ದ ಬಡವ ಹೋಗುವುದು ಸಸೂನ್ ಆಸ್ಪತ್ರೆಗೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಪೇಪರ್ ಓದಲು ಹೋಗುತ್ತಿದ್ದದ್ದು ಕಾಳಾಘೋಡಾದ ಡೇವಿಡ್ ಸಸೂನ್ ಲೈಬ್ರರಿಗೆ. ಈ ಡೇವಿಡ್ ಸಸೂನ್ 1792ರಲ್ಲಿ ಬಗ್ದಾದಿನಲ್ಲಿ ಹುಟ್ಟಿದವರು. ತಂದೆ ಅಲ್ಲಿನ ಪಾಶಾನ ಖಜಾಂಚಿ. ದಾವೂದ್ ಪಾಶಾ ಎಂಬವನ ಕಾಟ ತಾಳಲಾರದೆ ಮನೆತನ ಬಿಟ್ಟು ಓಡಬೇಕಾಯಿತು. ಬುಶೈರ್ ಮೂಲಕ ಡೇವಿಡ್ 1830ರ ದಶಕದ ಆರಂಭದಲ್ಲಿ ಮುಂಬಯಿ ಸೇರಿದರು. ಹತ್ತಿ, ನೂಲು, ಅಫೀಮು ವ್ಯಾಪಾರದಲ್ಲಿ ಕೋಟ್ಯಧೀಶರಾದರು. ಅಫೀಮಿನ ಹಣ ಎಂಬುದನ್ನು ಮರೆಯುವ ಹಾಗಿಲ್ಲ. ಕಟ್ಟಿಸಿದ ಶಾಲೆ, ಆಸ್ಪತ್ರೆಗಳನ್ನೂ ಮರೆಯುವ ಹಾಗಿಲ್ಲ. ಭಾಯಖಳದ ಮಾಗೆನ್ ಡೇವಿಡ್ ಮಂದಿರ ಅವರದ್ದೇ. ಫೋರ್ಟಿನ ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂ ಮಂದಿರ (1884) ಅವರ ಮೊಮ್ಮಗ ಜೇಕಬ್ ಕಟ್ಟಿಸಿದ್ದು.

ಬ್ಯಾಂಕಿನವನಾದ ನನಗೆ ಇನ್ನೊಂದು ವಿಷಯ ಹೆಮ್ಮೆಯದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಹುಟ್ಟುಹಾಕಿದರು. ಅದೇ ವರ್ಷ ಮುಂಬಯಿಯಲ್ಲಿ ಬ್ಯಾಂಕ್ ಆಫ್ ಇಂಡಿಯಾ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರು ಬಗ್ದಾದಿ ಯಹೂದಿ ಸಸೂನ್ ಡೇವಿಡ್. ಒಬ್ಬ ಮುಸ್ಲಿಂ, ಒಬ್ಬ ಸಾರಸ್ವತ, ಒಬ್ಬ ಯಹೂದಿ. ಒಂದೇ ವರ್ಷ! (2020ರಲ್ಲಿ ಹಾಜಿಯವರ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ಉಡುಪಿಯವರಿಗೆಲ್ಲ ಮನೆ ಕೆಡವಿದಂತಾಗಿತ್ತು.)

ನಾನು ಆಫೀಸರ್ ಆಗಿ ಭಾಯಖಳ ಶಾಖೆಗೆ ಬಂದದ್ದು 1990ರಲ್ಲಿ. ಅಲ್ಲಿನ ನಮ್ಮ ಗಿರಾಕಿಗಳಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಬಿಳಿ ಮೈಬಣ್ಣ, ಗಿಡ್ಡ ಕೂದಲು, ಫ್ರಾಕು, ಕೈಯಲ್ಲಿ ಸದಾ ಒಂದು ಕಪ್ಪು ಪರ್ಸು. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಾವೆಲ್ಲ 'ಆಂಟಿ' ಎನ್ನುತ್ತಿದ್ದೆವು. ಅವರ ಹಿಂದೂಸ್ತಾನಿಯಲ್ಲಿ ಒಂದು ತರಹದ ಗಂಟಲಿನ ಸ್ವರವಿತ್ತು. ಪಾರ್ಸಿಯೋ ಏನೋ ಎಂದುಕೊಂಡಿದ್ದೆ. ಪಾಸ್‌ಬುಕ್ಕಿನ ಲೆಕ್ಕವನ್ನು ನಮಗಿಂತ ಚೆನ್ನಾಗಿ ನೋಡುತ್ತಿದ್ದರು. ಒಮ್ಮೆ ಬಡ್ಡಿಯಲ್ಲಿ ನಲವತ್ತು ಪೈಸೆ ಕಡಿಮೆ ಹಾಕಿದ್ದೆವೆಂದು ಎರಡು ಸಲ ಬಂದಿದ್ದರು.

1993ರ ಜನವರಿ. ಮುಂಬಯಿ ಹೊತ್ತಿ ಉರಿದ ತಿಂಗಳು. ಭಾಯಖಳ, ನಾಗಪಾಡಾ, ಮದನಪುರ... ಹೆಸರು ಹೇಳಿದರೆ ಈಗಲೂ ನನಗೆ ಸುಟ್ಟ ಟೈರಿನ ವಾಸನೆ ಬರುತ್ತದೆ. ಕೆಲವು ದಿನ ಶಾಖೆ ತೆರೆಯಲೇ ಆಗಿರಲಿಲ್ಲ. ತೆರೆದ ದಿನ ಬಾಗಿಲಿನ ಹೊರಗೆ ಸಾಲು. ಎಲ್ಲರ ಕೈಯಲ್ಲೂ ವಿತ್‌ಡ್ರಾವಲ್ ಸ್ಲಿಪ್ಪು. ಊರಿಗೆ ಹೋಗುವವರು, ಮನೆ ಬದಲಾಯಿಸುವವರು, ಇನ್ನು ನಾಳೆ ಏನೋ ಎಂದು ಹೆದರಿದವರು. ಮಧ್ಯಾಹ್ನದ ಹೊತ್ತಿಗೆ ಕ್ಯಾಶ್ ಮುಗಿಯುತ್ತಾ ಬಂತು. ಆಗ ಆಂಟಿ ನನ್ನ ಟೇಬಲ್ಲಿಗೆ ಬಂದರು. ಅವರ ಎಫ್‌ಡಿ ಅವಧಿ ಮುಗಿದಿತ್ತು. ಹಣ ವಾಪಸು ಕೇಳುತ್ತಾರೆ ಎಂದುಕೊಂಡೆ. "ಇನ್ನೂ ಐದು ವರ್ಷಕ್ಕೆ ಹಾಕು ಬೇಟಾ" ಎಂದರು.

"ಆಂಟಿ, ಇಂಥ ಸಮಯದಲ್ಲಿ..." ಎಂದೆ. ಕುರ್ಚಿ ಎಳೆದುಕೊಂಡು ಕೂತರು. "ನಾನು ಇದಕ್ಕಿಂತ ದೊಡ್ಡದು ನೋಡಿದ್ದೇನೆ. ಹನ್ನೊಂದು ವರ್ಷದವಳಿದ್ದಾಗ" ಎಂದರು. ಅವರು ಬಗ್ದಾದಿನಲ್ಲಿ ಹುಟ್ಟಿದವರು ಎಂದು ನನಗೆ ಗೊತ್ತಾದದ್ದೇ ಅಂದು.

1941ರ ಜೂನ್ 1 ಮತ್ತು 2ರಂದು ಬಗ್ದಾದಿನಲ್ಲಿ ಯಹೂದಿಗಳ ಮೇಲೆ ನಡೆದ ಹಿಂಸೆಗೆ 'ಫರ್ಹೂದ್' ಎಂದು ಹೆಸರು. ಜರ್ಮನಿಯ ಕಡೆಗೆ ವಾಲಿದ್ದ ಸರ್ಕಾರ ಬಿದ್ದು, ಹೊಸದು ಬರುವ ನಡುವಿನ ಎರಡು ದಿನ. ಸುಮಾರು 180 ಮಂದಿ ಸತ್ತರು. ಅಂಗಡಿ ಮನೆಗಳು ಲೂಟಿಯಾದವು. ಆಂಟಿಯ ಮನೆಯವರನ್ನು ಪಕ್ಕದ ಮನೆಯ ಮುಸ್ಲಿಮರು ಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದರು. ಹಾಗೆ ಉಳಿದವರು ಎಷ್ಟೋ ಮಂದಿ. ಮರು ವರ್ಷ ತಂದೆ ಅವರನ್ನು ಬಸ್ರಾದಿಂದ ಸ್ಟೀಮರ್ ಹತ್ತಿಸಿ ಭಾಯಖಳದಲ್ಲಿದ್ದ ಸೋದರತ್ತೆಯ ಹತ್ತಿರ ಕಳಿಸಿದರು. "ಗಲಾಟೆ ಕಡಿಮೆಯಾದ ಮೇಲೆ ಕರೆಸಿಕೊಳ್ಳುತ್ತೇನೆ" ಎಂದಿದ್ದರಂತೆ. ಕರೆಸಿಕೊಳ್ಳಲಿಲ್ಲ.

ಅಂದು ಅವರು ಹೇಳಿದ್ದನ್ನು ನಂಬುವುದೇ ನನಗೆ ಕಷ್ಟವಾಯಿತು. ಇರಾಕಿನಲ್ಲಿ ಯಹೂದಿಗಳೆಂದರೆ ಹೊರಗಿನಿಂದ ಬಂದವರಲ್ಲ. ಬಾಬಿಲೋನಿಯದ ಅರಸ ಯೆರೂಸಲೇಮಿನಿಂದ ಸೆರೆ ಹಿಡಿದು ತಂದ ಕಾಲದಿಂದ, ಅಂದರೆ 2,500 ವರ್ಷಗಳಿಂದ ಅಲ್ಲಿದ್ದವರು. ಇಸ್ಲಾಂ ಹುಟ್ಟುವುದಕ್ಕೆ ಮೊದಲಿನಿಂದ ಇದ್ದವರು. ಮನೆಮಾತು ಅರಬ್ಬಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಗ್ದಾದ್ ನಗರದ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಅವರೇ. ಹೊಸ ಇರಾಕಿನ ಮೊದಲ ಹಣಕಾಸು ಮಂತ್ರಿ ಸಸೂನ್ ಎಸ್ಕೆಲ್ ಎಂಬ ಯಹೂದಿ. 1925ರಲ್ಲಿ ಬ್ರಿಟಿಷ್ ಎಣ್ಣೆ ಕಂಪೆನಿಯ ಒಪ್ಪಂದದಲ್ಲಿ ರಾಯಧನವನ್ನು ಚಿನ್ನದ ಬೆಲೆಗೆ ಕಟ್ಟಬೇಕೆಂದು ಹಟ ಹಿಡಿದು ಬರೆಸಿದವರು. ಮುಂದೆ ಪೌಂಡಿನ ಬೆಲೆ ಬಿದ್ದಾಗ ಇರಾಕ್ ಉಳಿದದ್ದು ಆ ಒಂದು ಷರತ್ತಿನಿಂದ. ಅಂಥ ಮುಂದಾಲೋಚನೆಯ ಮನುಷ್ಯ ನಮ್ಮ ಸಾಲದ ಕಾಗದ ಬರೆಯುವ ವಿಭಾಗದಲ್ಲಿ ಒಬ್ಬನಾದರೂ ಇದ್ದಿದ್ದರೆ! ಖೆದೂರಿ ಝಿಲ್ಖಾ ಎಂಬವರು ಬಗ್ದಾದಿನಲ್ಲಿ ಶುರು ಮಾಡಿದ ಬ್ಯಾಂಕು ಬೈರೂತ್, ದಮಾಸ್ಕಸ್, ಕೈರೋವರೆಗೆ ಶಾಖೆ ತೆರೆದಿತ್ತು. ಸಾಲಿಹ್ ಮತ್ತು ದಾವೂದ್ ಅಲ್-ಕುವೈತಿ ಎಂಬ ಅಣ್ಣತಮ್ಮಂದಿರ ಹಾಡುಗಳನ್ನು ಇಡೀ ಇರಾಕ್ ಗುನುಗುತ್ತಿತ್ತು. 1932ರಲ್ಲಿ ಕೈರೋದಲ್ಲಿ ಅರಬ್ಬಿ ಸಂಗೀತದ ದೊಡ್ಡ ಸಮ್ಮೇಳನ ನಡೆದಾಗ ಇರಾಕಿನಿಂದ ಹೋದ ವಾದ್ಯಗಾರರಲ್ಲಿ ಬಹುತೇಕರು ಯಹೂದಿಗಳು.

ಬೇರೆ ಅರಬ್ಬಿ ದೇಶಗಳಲ್ಲೂ ಹೀಗೆಯೇ. ಈಜಿಪ್ಟಿನ ಸಿನಿಮಾ ನೋಡಿದವರು ಲೈಲಾ ಮುರಾದ್ (1918–1995) ಹೆಸರು ಮರೆಯುವುದಿಲ್ಲ. ಹುಟ್ಟಿದ್ದು ಕೈರೋದ ಯಹೂದಿ ಹಾಡುಗಾರನ ಮನೆಯಲ್ಲಿ. ಮೊರಾಕೊ, ಟ್ಯುನೀಸಿಯಾ, ಯೆಮನ್, ಸಿರಿಯಾ... ಒಂದೊಂದರಲ್ಲೂ ಅವರ ಕೇರಿ, ಮಂದಿರ, ಅಕ್ಕಸಾಲಿಗರು, ಸಂಗೀತಗಾರರು. 1948ರಲ್ಲಿ ಎಲ್ಲ ಸೇರಿ ಸುಮಾರು 8 ಲಕ್ಷ ಜನ. ಈಗ ಉಳಿದದ್ದು ಕೆಲವೇ ಸಾವಿರ, ಅದೂ ಹೆಚ್ಚಾಗಿ ಮೊರಾಕೊ, ಟ್ಯುನೀಸಿಯಾಗಳಲ್ಲಿ. 1948ರಲ್ಲಿ ಇಸ್ರೇಲ್ ಆಯಿತು, ಯುದ್ಧವಾಯಿತು. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಾರು ಕಳಕೊಂಡು ನಿರಾಶ್ರಿತರಾದರು. ಆ ಕಡೆ ಅರಬ್ಬಿ ದೇಶಗಳಲ್ಲಿ ತಲೆಮಾರುಗಳಿಂದ ಇದ್ದ ಯಹೂದಿಗಳು ರಾತ್ರೋರಾತ್ರಿ ಪರಕೀಯರಾದರು. ಏಡನ್ನಿನಲ್ಲಿ 1947ರ ಡಿಸೆಂಬರ್ ಗಲಭೆಯಲ್ಲೇ 82 ಯಹೂದಿಗಳು ಸತ್ತಿದ್ದರು. ಯೆಮನ್ನಿನಿಂದ 1949–50ರಲ್ಲಿ ಸುಮಾರು 49,000 ಜನರನ್ನು ವಿಮಾನದಲ್ಲಿ ಸಾಗಿಸಿದರು. ಯಾರ ದುಃಖ ದೊಡ್ಡದೆಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಮನೆ ಬಿಟ್ಟವನ ದುಃಖಕ್ಕೆ ಧರ್ಮದ ಕಾಲಂ ಇರುವುದಿಲ್ಲ.

ಇರಾಕಿನಲ್ಲಿ 1950ರ ಮಾರ್ಚಿನಲ್ಲಿ ಒಂದು ಕಾನೂನು ಬಂತು. ಹೋಗುವ ಯಹೂದಿ ಹೋಗಬಹುದು, ಆದರೆ ಪೌರತ್ವ ಬಿಟ್ಟುಕೊಡುತ್ತೇನೆಂದು ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ವಾಪಸಿಲ್ಲ. ದೊಡ್ಡವರೊಬ್ಬರು ಕೈಯಲ್ಲಿ ಒಯ್ಯಬಹುದಾದದ್ದು 50 ದಿನಾರ್ ಮಾತ್ರ. ಹೀಗೆ ಹೆಸರು ಬರೆಸಿ 1,20,000ದಷ್ಟು ಜನ ಹೊರಟರು. 1951ರ ಮಾರ್ಚ್ 10ರಂದು ಇನ್ನೊಂದು ಕಾನೂನು. ಸಹಿ ಹಾಕಿದವರ ಆಸ್ತಿ, ಬ್ಯಾಂಕ್ ಖಾತೆ ಎಲ್ಲಾ ಸ್ತಂಭನ.

ಆಂಟಿ ಇದನ್ನೆಲ್ಲ ಇಷ್ಟು ಇಸವಿ ಹಾಕಿ ಹೇಳಲಿಲ್ಲ. ನಾನು ಆಮೇಲೆ ಓದಿ ತಿಳಿದದ್ದು. ಅವರು ಮಾಡಿದ್ದು ಇಷ್ಟೇ. ಕಪ್ಪು ಪರ್ಸು ತೆರೆದು ಒಂದು ಹಳೆಯ ಪಾಸ್‌ಬುಕ್ ನನ್ನ ಮುಂದಿಟ್ಟರು. ಬಗ್ದಾದಿನ ಒಂದು ಬ್ಯಾಂಕಿನದು. ತಂದೆ ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಇಸ್ರೇಲಿಗೆ ಒಯ್ದಿದ್ದರಂತೆ. ಅವರು ತೀರಿಕೊಂಡ ಮೇಲೆ ತಮ್ಮ ಅಂಚೆಯಲ್ಲಿ ಇವರಿಗೆ ಕಳಿಸಿದ್ದ.

"ನೀನು ಎಂ.ಕಾಂ. ಓದಿದವನಲ್ಲ, ಇವತ್ತಿಗೆ ಬ್ಯಾಲೆನ್ಸು ಎಷ್ಟಾಗುತ್ತದೆ ಹೇಳು" ಎಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ನಾನು ಕ್ಯಾಲ್ಕುಲೇಟರ್ ತೆಗೆದೆ. ಅರಬ್ಬಿ ಅಂಕಿಗಳು, ಚುಕ್ಕಿಯೇ ಸೊನ್ನೆ, ನಮಗೆ ಸೊನ್ನೆಯಂತೆ ಕಾಣುವುದು ಐದು. ಕಾಲಂಗಳು ಬಲದಿಂದ ಎಡಕ್ಕೆ, ಅಂದರೆ ನಮ್ಮ ಪಾಸ್‌ಬುಕ್ಕನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ಅವರೇ ಓದಿ ಹೇಳಿದರು. ಆಗ ಒಂದು ದಿನಾರ್ ಎಂದರೆ ಒಂದು ಪೌಂಡು. ಆರು ಪರ್ಸೆಂಟ್, ಚಕ್ರಬಡ್ಡಿ, ನಲವತ್ತೆರಡು ವರ್ಷ... ನಾನು ಒತ್ತುತ್ತಾ ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಅದಲ್ಲ ಬೇಟಾ. ಕೊನೆಯ ಸಾಲು ನೋಡು."

ಕೊನೆಯ ಸಾಲು 1951ರ ಫೆಬ್ರವರಿಯದು. ಜಮಾ. ವಿತ್‌ಡ್ರಾವಲ್ ಅಲ್ಲ, ಜಮಾ. ಅಂಗಡಿಯ ವಾರದ ಗಳಿಕೆ.

ನಾನು ಬ್ಯಾಂಕಿನವನು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರೆಲ್ಲ ಹೆಸರು ಬರೆಸಿ ಹೊರಡುತ್ತಿದ್ದಾಗ ಒಬ್ಬ ಮನುಷ್ಯ ಎಂದಿನಂತೆ ಕೌಂಟರಿಗೆ ಬಂದು ದುಡ್ಡು ಕಟ್ಟಿದ್ದಾನೆ. ಮುಂದಿನ ವಾರವೂ ಬರುತ್ತೇನೆ ಎಂದುಕೊಂಡವನು ಮಾತ್ರ ಹಾಗೆ ಕಟ್ಟುತ್ತಾನೆ. ಮಾರ್ಚ್ ಮೊದಲ ವಾರ ಗಂಡುಮಕ್ಕಳು ಸಹಿ ಹಾಕಿಬಂದರು. ಒಬ್ಬನೇ ಇದ್ದು ಏನು ಮಾಡುವುದೆಂದು ಕೊನೆಗೆ ತಂದೆಯೂ ಹಾಕಿದರು. ಕೆಲವೇ ದಿನದಲ್ಲಿ ಖಾತೆ ಸ್ತಂಭನವಾಯಿತು. "ಅಪ್ಪ ಮೂರ್ಖ ಎಂದು ತಮ್ಮ ಈಗಲೂ ಬಯ್ಯುತ್ತಾನೆ. ನನಗೆ ಹಾಗೆ ಅನಿಸುವುದಿಲ್ಲ. ಅದು ಅವನ ಊರು, ಅಷ್ಟೆ" ಎಂದರು ಆಂಟಿ. ನಾನು ಎಫ್‌ಡಿ ರಸೀದಿ ಬರೆದುಕೊಟ್ಟೆ, ಐದು ವರ್ಷಕ್ಕೆ.

ಮರುವರ್ಷ ನನಗೆ ವರ್ಗವಾಯಿತು. ಆಮೇಲೆ ಒಮ್ಮೆ ಆ ಕಡೆ ಹೋದಾಗ ವಿಚಾರಿಸಿದೆ. ಅವರು 2001ರಲ್ಲಿ ತೀರಿಕೊಂಡರಂತೆ, ಚಿಂಚ್‌ಪೋಕ್ಲಿಯ ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡಿದರಂತೆ. 2006ರಲ್ಲಿ ಸಿನಿಮಾ ನಟಿ ನಾದಿರಾ ಮುಂಬಯಿಯಲ್ಲಿ ಸತ್ತಾಗಲೂ ಆಂಟಿಯ ನೆನಪಾಗಿತ್ತು. 'ಆನ್', 'ಶ್ರೀ 420'ರ ಆ ನಾದಿರಾ ಕೂಡ ಬಗ್ದಾದಿ ಯಹೂದಿಯೇ, ನಿಜ ಹೆಸರು ಫ್ಲಾರೆನ್ಸ್ ಎಝೆಕಿಯೆಲ್. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗುವ ಏರ್ಪಾಡು ಮಾಡಿದ ಜನರಲ್ ಜೇಕಬ್ ಕಲ್ಕತ್ತೆಯ ಬಗ್ದಾದಿ ಮನೆತನದವರು. ಇವರನ್ನೆಲ್ಲ ನಾವು ನಮ್ಮವರೆಂದೇ ನೋಡಿದೆವು. ಯಾವ ಊರು ಬಿಟ್ಟು ಬಂದರೆಂದು ಕೇಳಲಿಲ್ಲ.

ಇದರ ತಿರುವುಮುರುವು ನನಗೆ ಗೊತ್ತಾದದ್ದು ಅಮಿತಾವ್ ಘೋಷ್ ಅವರ 'ಇನ್ ಆನ್ ಆಂಟಿಕ್ ಲ್ಯಾಂಡ್' (1992) ಓದಿದಾಗ. ಅರಬ್ಬಿ ನಾಡಿನ ಒಬ್ಬ ಯಹೂದಿ ನಮ್ಮ ಮಂಗಳೂರಿಗೇ ಬಂದು ಹದಿನೇಳು ವರ್ಷ ಇದ್ದ! ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯಾದ ಮಹದಿಯಾ ಎಂಬ ಬಂದರಿನವನು. ಕೈರೋ, ಏಡನ್ ದಾಟಿ 1132ಕ್ಕೆ ಮೊದಲೇ 'ಮಂಜರೂರ್' ಸೇರಿದ್ದ. ತುಳುನಾಡಿನಲ್ಲಿ ಆಳುಪರ ಆಳ್ವಿಕೆಯ ಕಾಲ. ಕಲ್ಯಾಣದಲ್ಲಿ ಶರಣರು ಇನ್ನೂ ಸೇರಿರಲಿಲ್ಲ. ಏಡನ್ನಿನ ದೊಡ್ಡ ವರ್ತಕ ಮದ್ಮೂನ್‌ಗೆ ಇವನು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ತರಿಸಿಕೊಳ್ಳುತ್ತಿದ್ದ. ಊರಿನಲ್ಲಿ ಕಂಚಿನ ಕೆಲಸದ ಕಾರ್ಖಾನೆಯನ್ನೂ ಇಟ್ಟಿದ್ದ. ಅಶು ಎಂಬ ಈ ಕಡೆಯ ದಾಸಿಯನ್ನು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬಿಡುಗಡೆ ಮಾಡಿದ ಪತ್ರ ಈಗಲೂ ಉಳಿದಿದೆ. ಅವಳನ್ನೇ ಮದುವೆಯಾದ, ಮಕ್ಕಳಾದವು. ಅವನ ಆಳು, ಗುಮಾಸ್ತ ಎಲ್ಲವೂ ಆಗಿದ್ದ ಬೊಮ್ಮ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿ ಬರುತ್ತಿದ್ದ. ಅಲ್ಲಿ ಕುಡಿದು ದುಡ್ಡಿಗಾಗಿ ಗಲಾಟೆ ಮಾಡುತ್ತಾನೆಂದು ಮದ್ಮೂನ್ ದೂರು ಬರೆದದ್ದೂ ಇದೆ. ಬೊಮ್ಮ ಎಂಬ ಹೆಸರಿನ ಬೇರು ಹುಡುಕಲು ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ.ಎ. ವಿವೇಕ ರೈಗಳಂಥ ತುಳು ವಿದ್ವಾಂಸರನ್ನು ಕಂಡಿದ್ದರು.

ಇಷ್ಟು ಹಳೆಯ ಚೀಟಿಗಳು ಉಳಿದದ್ದು ಹೇಗೆ? ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಕಾಗದ ತುಳಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೆ, ಹಾಗೆ. ಹಳೆಯ ಕೈರೋದ ಬೆನ್ ಎಝ್ರಾ ಮಂದಿರದ ಒಂದು ಕೋಣೆಗೆ ಶತಮಾನಗಳ ಕಾಲ ಚೀಟಿ ಹಾಕುತ್ತಾ ಬಂದರು. ಅದಕ್ಕೆ 'ಗೆನಿಝಾ' ಎನ್ನುತ್ತಾರೆ. 1896–97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದರು. ಎಸ್.ಡಿ. ಗೊಯ್ಟೀನ್ ಆ ಕಾಗದಗಳಿಂದ ಭಾರತದ ವ್ಯಾಪಾರದ ಇತಿಹಾಸವನ್ನೇ ಹೊರತೆಗೆದರು. ನಾವಾದರೋ ಹಳೆಯ ವೌಚರುಗಳನ್ನು ಅವಧಿ ಮುಗಿದೊಡನೆ ನಾಶ ಮಾಡಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದೆವು!

ಅದೇ ರಾಶಿಯಲ್ಲಿ ಇನ್ನೊಂದು ಪತ್ರ ಸಿಕ್ಕಿತು. ಮೈಮೊನಿಡೀಸ್ ಎಂಬ ಮಹಾಪಂಡಿತ, ವೈದ್ಯ ಕೈರೋದಲ್ಲಿದ್ದರು (1138–1204). ಅವರ ತಮ್ಮ ಡೇವಿಡ್ ವ್ಯಾಪಾರಕ್ಕೆ ಭಾರತದ ಕಡೆ ಹೊರಟು, ಹಡಗು ಹತ್ತುವ ಮೊದಲು ಕೆಂಪು ಸಮುದ್ರದ ಬಂದರಿನಿಂದ ಅಣ್ಣನಿಗೆ ಧೈರ್ಯ ಹೇಳಿ ಬರೆದ ಪತ್ರ ಅದು. ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿತು. ಅಷ್ಟು ದೊಡ್ಡ ಜ್ಞಾನಿ ಒಂದು ವರ್ಷ ಹಾಸಿಗೆ ಹಿಡಿದರು. ಅಣ್ಣತಮ್ಮ ಎಂದರೆ ಅಷ್ಟು.

ಬೆನ್ ಯಿಜು 1149ರಲ್ಲಿ ಮಂಗಳೂರು ಬಿಟ್ಟ. ಏಡನ್ನಿಗೆ ಬಂದಾಗ ಹುಟ್ಟೂರೇ ಉಳಿದಿರಲಿಲ್ಲ. ಹಿಂದಿನ ವರ್ಷವಷ್ಟೇ ಸಿಸಿಲಿಯ ಅರಸ ಮಹದಿಯಾವನ್ನು ಗೆದ್ದುಕೊಂಡಿದ್ದ, ಅಣ್ಣತಮ್ಮಂದಿರು ದಿಕ್ಕಾಪಾಲಾಗಿದ್ದರು. ಅವರಿಗೆ ಪತ್ರ ಬರೆದ. ನನ್ನ ಹತ್ತಿರ ನಮಗೆಲ್ಲ ಸಾಕಾಗುವಷ್ಟಿದೆ, ಬನ್ನಿ ಎಂಬ ಅರ್ಥದ ಪತ್ರ. ಒಬ್ಬ ಬಂದು ದೊಡ್ಡ ಮೊತ್ತ ವಂಚಿಸಿ ಹೋದ. ಮಗ ಯೆಮನ್ ನಾಡಿನಲ್ಲೇ ತೀರಿಕೊಂಡ. ಆದರೂ ಮನುಷ್ಯ ಬಿಡಲಿಲ್ಲ. ಇನ್ನೊಬ್ಬ ತಮ್ಮನಿಗೆ ಮತ್ತೆ ಬರೆದ. ಅವನ ಮಗ ಕಡಲು ದಾಟಿ ಬಂದು, 1156ರಲ್ಲಿ ಹಳೆಯ ಕೈರೋದಲ್ಲಿ ಬೆನ್ ಯಿಜುವಿನ ಮಗಳನ್ನು ಮದುವೆಯಾದ. ಮಂಗಳೂರಿನಲ್ಲಿ ಆಡಿ ಬೆಳೆದ ಹುಡುಗಿ! ಅವಳಿಗೆ ಯಾವುದು ಊರು ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದಳೋ. ಅಶು ಏನಾದಳೆಂದು ಆ ಪತ್ರಗಳು ಹೇಳುವುದಿಲ್ಲ. ಬಹುಶಃ ಬಂದರಿನಲ್ಲಿ ನಿಂತು ನೋಡಿದಳು.

ಪನ್ವೇಲಿನ ಆ ಮಂದಿರದ ಮುಂದೆ ತರಕಾರಿ ಚೀಲ ಹಿಡಿದು ನಿಂತಾಗ ಇದೆಲ್ಲ ಒಟ್ಟಿಗೆ ಬಂತು. ನಾನು ಯಾಕೆ ಸಹಿ ಮುಂದೆ ಹಾಕುತ್ತಿದ್ದೇನೆ ಎಂಬುದೂ ಗೊತ್ತಾಯಿತು. ಪಾಲಿನ ದುಡ್ಡಿನ ಆಸೆಯಲ್ಲ. ಸಹಿ ಹಾಕಿದರೆ ವಾಪಸಿಲ್ಲ ಎಂಬ ಹೆದರಿಕೆ. ನನಗೇ ನಾಚಿಕೆಯಾಯಿತು. ವಾಪಸಿಲ್ಲದ ಕಾಗದಕ್ಕೆ ನಿಜವಾಗಿ ಸಹಿ ಹಾಕಿದವರ ಕಥೆ ಕೇಳಿದವನು ನಾನು. ನನ್ನನ್ನು ಯಾರು ಓಡಿಸಿದ್ದಾರೆ? ಪನ್ವೇಲಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಮಂಗ್ಳೂರು. ನನ್ನದು ದೇಶಾಂತರವಲ್ಲ, ಸೋಮಾರಿತನ. ನನ್ನ ಸೋಮಾರಿತನಕ್ಕೆ ಅಣ್ಣನ ಮಗ ಯಾಕೆ ಸೋರುವ ಮಾಡಿನಡಿ ಮಲಗಬೇಕು?

ಆ ವಾರವೇ ಹೋದೆ. ಬಂಟ್ವಾಳದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು, ಫೋಟೋ, ಸಹಿ ಎಲ್ಲಾ ಹತ್ತು ನಿಮಿಷದಲ್ಲಿ ಮುಗಿಯಿತು. ಪಾಲಿನ ಹಣ ಬೇಡವೆಂದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಸ ಮನೆಯಲ್ಲಿ ಕೆಳಗೆ ಒಂದು ರೂಮು ನಿನಗೆ ಅಂತ ಪ್ಲಾನಿನಲ್ಲೇ ಹಾಕಿಸಿದ್ದೇನೆ. ಮೊದಲೇ ಹೇಳಿದ್ರೆ ನಿನಗೆ ಲಂಚ ಕೊಟ್ಟ ಹಾಗೆ ಆಗ್ತದೆ ಅಂತ ಹೇಳ್ಲಿಲ್ಲ" ಎಂದ. ಎರಡು ವರ್ಷ ನಾನು ಅವನ ಫೋನಿಗೆ ಹೇಳಿದ ಸುಳ್ಳುಗಳೆಲ್ಲ ನೆನಪಾದವು.

ಮರುದಿನ ಒಬ್ಬನೇ ಪೇಟೆಗೆ ಹೋದೆ. 1978ರಲ್ಲಿ, ನಾನು ಕಾಲೇಜು ಸೇರಿದಾಗ, ತಂದೆ ಅಲ್ಲಿನ ಒಂದು ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದಿದ್ದರು. ದಶಕಗಳಿಂದ ವ್ಯವಹಾರವಿಲ್ಲದ ಖಾತೆ. ಹತ್ತು ವರ್ಷ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಕೇಳಿದರೆ ವಾಪಸು ಸಿಗುತ್ತದೆ. 2014ರಿಂದ ಹಾಗೆ ನಿಯಮ. ಎಷ್ಟೋ ಗಿರಾಕಿಗಳಿಗೆ ಇದನ್ನು ವಿವರಿಸಿದವನು ನನ್ನದನ್ನೇ ಮರೆತಿದ್ದೆ. ಅರ್ಜಿ ಬರೆದೆ, ಆಧಾರ್ ಕೊಟ್ಟೆ. ಆಧಾರಿನಲ್ಲಿ ಕಳಂಬೋಲಿಯ ವಿಳಾಸ ನೋಡಿ ಕೌಂಟರಿನ ಹುಡುಗಿ, "ಅಷ್ಟು ದೂರದಲ್ಲಿ ಇದ್ದುಕೊಂಡು ಈ ಅಕೌಂಟ್ ಎಂತಕ್ಕೆ ಸರ್? ಕ್ಲೋಸ್ ಮಾಡಿ ದುಡ್ಡು ತಕೊಳ್ಳಿ" ಎಂದಳು. ಒಳ್ಳೆಯ ಸಲಹೆಯೇ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಖಾತೆಗೆ ಜೀವ ಬಂದ ಮೇಲೆ ಊರು ಬಿಡುವ ಮೊದಲು ಹೋಗಿ ಐನೂರು ರೂಪಾಯಿ ಕಟ್ಟಿದೆ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿಕೊಳ್ಳೋಣವೆಂದು ಕೊಟ್ಟೆ.

"ಪ್ರಿಂಟರ್ ಸರಿ ಇಲ್ಲ ಸರ್. ಮುಂದಿನ ಸಲ ಬಂದಾಗ ಹಾಕಿ ಕೊಡ್ತೇವೆ" ಎಂದಳು.

"ಆಗಲಿ" ಎಂದೆ.